ಅಮಾವಾಸ್ಯೆಗೊಮ್ಮೆ ಬರುವ ಗಂಡ

ದೀಪಾವಳಿ ಮುಗಿದು ವಾರವಾಗಿತ್ತು. ಸಿರುಗುಪ್ಪದ ಕಾಲುವೆ ಓಣಿಯ ಮೂಕಮ್ಮನ ಮನೆಗೆ ಕುರುಗೋಡಿನಿಂದ ಅವಳ ತಮ್ಮ ಗಾದೆಪ್ಪ ಬಂದಿದ್ದ. ಹೆಗಲ ಮೇಲೆ ಒಣಮೆಣಸಿನಕಾಯಿ ಚೀಲ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಬಾಳೆಹಣ್ಣು ಕಂಡ ಕೂಡಲೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಜಂಬಮ್ಮ ಕಿವಿ ನಿಮಿರಿಸಿದಳು. ಈ ಮಾವ ಸುಮ್ಮನೆ ಬರುವವನಲ್ಲ. ಸುಮ್ಮನೆ ಬಂದರೆ ಹಣ್ಣು ತರುವವನಲ್ಲ.

"ಯಕ್ಕ, ನಾನು ಸುತ್ತಿ ಬಳಸಿ ಮಾತಾಡಾವಲ್ಲ," ಎಂದು ಗಾದೆಪ್ಪ ಕಟ್ಟೆಯ ಮೇಲೆ ಕುಳಿತ. "ನಮ್ಮ ಎರ್ರಿಸ್ವಾಮಿ ಮದುವಿ ಆಗಿ ನಾಲ್ಕು ವರ್ಷ ಆತು. ಇನ್ನೂ ಮನ್ಯಾಗ ಕೂಸಿನ ಅಳು ಇಲ್ಲ. ನನ್ನ ಎರಡನೇ ಹುಡುಗಿ ಬೆಳದು ನಿಂತಾಳ. ಆಕಿನ್ನ ಈ ಮನಿಗೆ ತರೋಣು. ಈಕಿನ್ನ ಹೊರಗ ಹಾಕ್ರಿ ಅಂತ ನಾನೇನು ಅನ್ನಂಗಿಲ್ಲ. ಇರ್ಲಿ, ಇಬ್ರೂ ಇರ್ಲಿ."

ಮೂಕಮ್ಮ ಎಲೆಗೆ ಸುಣ್ಣ ಹಚ್ಚಿ, ಮಡಿಚಿ ಬಾಯಿಗೆ ಇಟ್ಟುಕೊಂಡಳು. ಆಮೇಲೆ ಅಂದಳು: "ಉಗಾದಿ ತನಕ ತಡಿಯಪ್ಪ. ಸುಂಕ್ಲಮ್ಮಗ ಹರಕಿ ಹೊತ್ತೀನಿ. ಎರಡು ವರ್ಷ ಆತು, ಅಮಾಸಿಗೊಮ್ಮೆ ಸೊಸಿನ್ನ ಉಪಾಸ ಇಟ್ಟು ಗುಡಿಯಾಗ ಮಲಗಸಾಕತ್ತೀನಿ. ಉಗಾದಿಗೂ ಆ ತಾಯಿ ಕಣ್ಣು ತೆರಿಲಿಲ್ಲ ಅಂದ್ರ, ನೀನು ಹುಡುಗಿನ್ನ ಕರ್ಕೊಂಡು ಬಾ."

ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಜಂಬಮ್ಮನಿಗೆ ವಾಸನೆ ಬರಲಿಲ್ಲ.

ಇಬ್ರೂ ಇರ್ಲಿ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅದೇ ಓಣಿಯಲ್ಲಿ ಅಂಥ ಒಂದು ಮನೆ ಇತ್ತು. ಅಲ್ಲಿ ಹಿರಿಯಳು ದನದ ಕೊಟ್ಟಿಗೆಯಲ್ಲಿ ಮಲಗುತ್ತಾಳೆ. ಕಿರಿಯಳ ಮಕ್ಕಳ ಬಟ್ಟೆ ಒಗೆಯುತ್ತಾಳೆ. ಅವಳನ್ನು ಯಾರೂ ಹೊರಗೆ ಹಾಕಿಲ್ಲ. ಹಾಗೆಂದು ಅವಳು ಒಳಗೂ ಇಲ್ಲ.

ಎರ್ರಿಸ್ವಾಮಿ ಕೆಟ್ಟವನಲ್ಲ. ಮದುವೆಯಾದ ವರ್ಷವೇ ಅವನು ಬಳ್ಳಾರಿಯ ಕೌಲ್ ಬಜಾರಿನ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಸೇರಿದ. ಭಟ್ಟಿಯ ಬೆಂಕಿ ಆರುವುದು ತಿಂಗಳಿಗೊಂದು ದಿನ, ಅಮಾವಾಸ್ಯೆಗೆ. ಆ ದಿನ ಅವನು ಮೊದಲ ಬಸ್ಸಿಗೆ ಊರಿಗೆ ಬರುತ್ತಾನೆ. ಉಂಡು ಮಲಗಿದರೆ ಸಂಜೆಯವರೆಗೆ ಎಚ್ಚರವಿಲ್ಲ. ಅವನು ಏಳುವ ಹೊತ್ತಿಗೆ ಜಂಬಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲಿ, ಖಾಲಿ ಹೊಟ್ಟೆಯಲ್ಲಿ ಗುಡಿಗೆ ಹೊರಟಿರುತ್ತಾಳೆ. ಬೆಳಿಗ್ಗೆ ಅವಳು ಮನೆಗೆ ಬರುವ ಹೊತ್ತಿಗೆ ಅವನು ಬಸ್ಸು ಹತ್ತಿರುತ್ತಾನೆ. ಮಗನಿಗೆ ಬುತ್ತಿ ಕಟ್ಟಿ ಕೊಡುವವಳು ತಾಯಿ.

ಇದರಲ್ಲಿ ಏನೋ ತಪ್ಪಿದೆ ಎಂದು ಜಂಬಮ್ಮನಿಗೆ ಅನಿಸುತ್ತಲೇ ಇತ್ತು. ಆದರೆ ಅತ್ತೆಯ ಮುಂದೆ ಹೇಗೆ ಹೇಳುವುದು? ಯಾವ ಬಾಯಿಂದ ಹೇಳುವುದು? ಹೇಳಿದರೆ ಗಂಡನ ಮೇಲೆ ಆಸೆಬಿದ್ದವಳು, ದೇವರ ಹರಕೆ ಮುರಿಯಲು ಹೊರಟವಳು ಎಂದಾಗುತ್ತದೆ. ಬಂಜೆ ಎನ್ನಿಸಿಕೊಳ್ಳುವುದಕ್ಕಿಂತ ಅದು ಅವಳಿಗೆ ಹೆಚ್ಚು ನಾಚಿಕೆಯ ಮಾತಾಗಿ ಕಂಡಿತ್ತು.

ಮರುದಿನ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಪಕ್ಕದ ಮನೆಯ ಹಂಪಕ್ಕ ಕೇಳಿದಳು: "ಏ ಜಂಬಿ, ಕಣ್ಣು ಕೆಂಪಗ ಆಗ್ಯಾವಲ್ಲ. ಒಲಿ ಹೊಗಿದೇನು, ಅತ್ತಿ ಹೊಗಿದೇನು?"

ಜಂಬಮ್ಮ ನಗಲು ಹೋಗಿ ಅತ್ತಳು. ಗಾದೆಪ್ಪ ಬಂದದ್ದು, ಉಗಾದಿಯ ಮಾತು, ಎಲ್ಲ ಹೇಳಿದಳು. ಹೇಳಲಾಗದ್ದನ್ನು ಮಾತ್ರ ಹೇಳಲಿಲ್ಲ.

"ನರ್ಸಮ್ಮನ್ನ ಕೇಳೋಣು ಬಾ," ಎಂದಳು ಹಂಪಕ್ಕ.

"ಬ್ಯಾಡ ಯಕ್ಕ! ಆಕಿ ಮಕ್ಕಳು ಬ್ಯಾಡ ಅಂತ ಹೇಳಾಕ ಬರಾಕಿ. ಅತ್ತಿ ಆಕಿ ನೆರಳು ಕಂಡ್ರ ಉರದು ಬೀಳ್ತಾಳ."

"ಬೀಗ ಹಾಕಾಕ ಬರಾಕಿಗೆ ತೆಗ್ಯಾಕ ಬರಂಗಿಲ್ಲೇನು? ನನ್ನ ಸಣ್ಣ ಹುಡುಗ ಹೊಟ್ಟ್ಯಾಗ ಅಡ್ಡ ನಿಂತಾಗ ಉಳಿಸಿದಾಕಿ ಆಕಿನ. ನಿಮ್ಮತ್ತಿನ್ನ ನನಗ ಬಿಡು."

ಎರಡು ದಿನ ಬಿಟ್ಟು ಹಂಪಕ್ಕ ನರ್ಸಮ್ಮ ದಾಕ್ಷಾಯಣಮ್ಮನನ್ನು ಕರೆದುಕೊಂಡು ಬಂದೇಬಿಟ್ಟಳು. ಮೂಕಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲಿ ನಿನಗ ಕೆಲಸ ಇಲ್ಲವ್ವ. ಕತ್ತರಿಸಾಕ ನಮ್ಮ ಮನ್ಯಾಗ ಏನು ಬೆಳದು ನಿಂತೈತಿ?"

"ಕತ್ತರಿ ತಂದಿಲ್ರಿ ಮೂಕಮ್ಮ," ಎಂದು ನರ್ಸಮ್ಮ ನಕ್ಕು ತನ್ನ ಚೀಲ ಬಿಚ್ಚಿ ತೋರಿಸಿದಳು. ಗುಳಿಗೆ, ಹತ್ತಿ, ಜ್ವರ ನೋಡುವ ಕಡ್ಡಿ. "ಬಿಸ್ಲಾಗ ನಡದು ಬಂದೀನಿ. ಕುಡಿಯಾಕ ನೀರರ ಕೊಡ್ತೀರೋ ಇಲ್ಲೋ?"

ನೀರು ಕೇಳಿದವಳನ್ನು ಹೊರಗೆ ನಿಲ್ಲಿಸಲು ಮೂಕಮ್ಮನಿಗೆ ಆಗಲಿಲ್ಲ. ನರ್ಸಮ್ಮ ಒಳಗೆ ಬಂದು ಕುಳಿತಳು. ನೀರು ತಂದ ಜಂಬಮ್ಮನ ಗಲ್ಲ ಹಿಡಿದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಉಗುರು ನೋಡಿದಳು.

"ಮೈಯಾಗ ರಗತನ ಇಲ್ಲಲ್ಲ ಈ ಹುಡುಗಿಗೆ. ಏನು ಉಣ್ತಾಳ?"

ಮೂಕಮ್ಮ ಹೆಮ್ಮೆಯಿಂದ ಅಂದಳು: "ನನ್ನ ಸೊಸಿ ಭಾಳ ನೇಮದಾಕಿ. ಸೋಮವಾರ, ಮಂಗಳವಾರ, ಶುಕ್ರವಾರ ಒಪ್ಪತ್ತು. ಅಮಾಸಿಗೆ ನೀರು ಬಿಟ್ಟು ಏನೂ ಮುಟ್ಟಂಗಿಲ್ಲ. ಎಲ್ಲಾ ಮಕ್ಕಳ ಸಲುವಾಗಿನ."

"ನಿಮ್ಮ ಎಮ್ಮಿಗೂ ಹಂಗ ಒಪ್ಪತ್ತು ಮಾಡಸ್ತೀರೇನು?"

"ಎಮ್ಮಿಗ್ಯಾಕ! ಅದಕ್ಕ ಎರಡೂ ಹೊತ್ತು ಹತ್ತಿಕಾಳು, ಹಿಂಡಿ ಇಡತೀನಿ. ಇಲ್ಲಂದ್ರ ಗಬ್ಬ ನಿಲ್ಲತೈತೇನು?"

ಅಷ್ಟು ಹೇಳಿ ಮೂಕಮ್ಮ ತಟ್ಟನೆ ಬಾಯಿ ಮುಚ್ಚಿದಳು. ಹಂಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು.

"ನನ್ನ ಸೊಸಿನ್ನ ಎಮ್ಮಿಗೆ ಸಮ ಮಾಡ್ತಿ ನೀನು," ಎಂದು ಮೂಕಮ್ಮ ಸಿಡಿದಳು.

"ನಾನೆಲ್ಲಿ ಮಾಡಿದೆ? ನೀವು ಸಮ ಮಾಡಿದ್ರೂ ಚೊಲೋ ಇತ್ತು. ಎಮ್ಮಿನ್ನ ಹೆಚ್ಚು ನೋಡ್ಕೊಂಡೀರಿ."

ಮೂಕಮ್ಮ ಗೊಣಗುತ್ತಾ ಎಮ್ಮೆಗೆ ನೀರು ಇಡಲು ಹಿತ್ತಲಿಗೆ ಹೋದಳು. ನರ್ಸಮ್ಮ ಜಂಬಮ್ಮನ ಹತ್ತಿರ ಸರಿದು ದನಿ ತಗ್ಗಿಸಿದಳು. ತಿಂಗಳ ಮುಟ್ಟು ಸರಿಯಾಗಿ ಬರುತ್ತದೆಯೇ, ಹೊಟ್ಟೆನೋವು ಇದೆಯೇ, ಬಿಳಿ ಹೋಗುತ್ತದೆಯೇ ಎಂದು ಕೇಳಿದಳು. ಆಮೇಲೆ ಕೇಳಿದಳು: "ಗಂಡ ಹೆಂಡ್ತಿ ತಿಂಗಳಿಗೆ ಎಷ್ಟು ದಿನ ಕೂಡಿ ಇರ್ತೀರವ್ವ?"

ಜಂಬಮ್ಮ ನೆಲ ಕೆರೆದಳು. ಹಂಪಕ್ಕ ತಾನಾಗಿ ಎದ್ದು ಹೊರಗೆ ಹೋದಳು. ನಾಲ್ಕು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಎಷ್ಟು ವರ್ಷವಾಯಿತು ಎಂದು ಎಲ್ಲರೂ ಕೇಳಿದ್ದರು.

"ಅವ್ರು ಅಮಾಸಿಗೆ ಬರ್ತಾರ್ರಿ," ಎಂದಳು. "ಅಮಾಸಿ ದಿನ ನಾನು ಗುಡಿಯಾಗ ಇರ್ತೀನ್ರಿ."

"ಹರಕಿ ಶುರು ಆಗೋಕಿಂತ ಮೊದ್ಲು?"

"ತಿಂಗಳಿಗೊಂದು ದಿನ. ಅದೂ ಎಷ್ಟೋ ಸಲ ನಾನು ಹೊರಗ ಕುಂತಿರ್ತಿದ್ದೆ." ಅವಳ ಕಣ್ಣಿಂದ ನೀರು ಇಳಿಯಿತು. "ನರ್ಸಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಅತ್ತಿಗೆ ಹೇಳಬ್ಯಾಡ್ರಿ."

ನರ್ಸಮ್ಮ ನಗಲಿಲ್ಲ, ಬೈಯಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಕೇಳು ತಂಗಿ. ಹೆಣ್ಣಿನ ಹೊಟ್ಟ್ಯಾಗ ತಿಂಗಳಿಗೊಂದು ತತ್ತಿ ಬಲೀತೈತಿ. ಮುಂದಿನ ಮುಟ್ಟು ಬರಾಕ ಸುಮಾರು ಎರಡು ವಾರ ಇರೋ ಮುಂದ ಅದು ಹೊರಬೀಳತೈತಿ. ಒಂದು ದಿನದಾಗ ಸತ್ತು ಹೋಗತೈತಿ. ಗಂಡಸಿನ ಬೀಜ ಮಾತ್ರ ಎರಡು ಮೂರು ದಿನ ಒಳಗ ಕಾಯ್ಕೊಂಡು ಇರತೈತಿ. ಅದಕ್ಕ ತಿಂಗಳ ನಡುವಿನ ಆ ದಿನಗಳಾಗ ದಿನಾ ಇಲ್ಲಾ ದಿನ ಬಿಟ್ಟು ದಿನ ಕೂಡಿ ಇರಬೇಕು. ನಿನಗ ತಿಂಗಳು ತಿಂಗಳು ಸರಿಯಾಗಿ ಮುಟ್ಟು ಬರತೈತಿ. ನೀನು ಬಂಜಿ ಅಂತ ಯಾರು ಹೇಳಿದ್ರು? ಇನ್ನೂ ಸರಿಯಾಗಿ ಸಂಸಾರನ ಮಾಡಿಲ್ಲ ನೀವು."

ಆ ಮಾತಿಗೆ ಜಂಬಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆದರೆ ಹಿಂದೆಯೇ ಭಯವೂ ಬಂತು. ಗೊತ್ತಾದದ್ದನ್ನು ಏನು ಮಾಡುವುದು? ಭಟ್ಟಿಯ ಬೆಂಕಿ ತನ್ನ ಮುಟ್ಟಿನ ಲೆಕ್ಕ ನೋಡಿ ಆರುತ್ತದೆಯೇ?

"ಒಮ್ಮೆ ಬಳ್ಳಾರಿ ದೊಡ್ಡಾಸ್ಪತ್ರಿಗೆ ಹೋಗೋಣು," ಎಂದಳು ನರ್ಸಮ್ಮ. "ನಿನ್ನೂ ನೋಡ್ಲಿ, ನಿನ್ನ ಗಂಡನ್ನೂ ನೋಡ್ಲಿ."

ಹಿತ್ತಲಿಂದ ಬರುತ್ತಿದ್ದ ಮೂಕಮ್ಮನ ಕಿವಿಗೆ ಕೊನೆಯ ಮಾತು ಬಿತ್ತು. ಕೈಯಲ್ಲಿದ್ದ ಕೊಡ ಕುಕ್ಕಿದಳು.

"ಏನಂದಿ? ನನ್ನ ಮಗನ್ನ ಆಸ್ಪತ್ರಿಗೆ? ಅವಾ ಗಂಡಸು, ಅವನಿಗೇನಾಗೈತಿ? ಸರಕಾರದ ಜೀಪು ಓಣಿಗೆ ಬಂದ ಆ ದಿನ ನಾನು ಮರ್ತಿಲ್ಲ ನರ್ಸಮ್ಮ. ಗಂಡಸರನ್ನ ಹಿಡ್ಕೊಂಡು ಹೋಗಿ ಕತ್ತರಿ ಹಾಕ್ತಾರಂತ ನನ್ನ ಮಗನ್ನ ಬಣವಿ ಹಿಂದ ಮುಚ್ಚಿಟ್ಟು ಉಳಿಸ್ಕೊಂಡೀನಿ. ಮಕ್ಕಳಾಗಲಿ ಅಂತ ಕರ್ಕೊಂಡು ಹೋಗಿ ಆಗಲಾರದಂಗ ಮಾಡಿ ಕಳಸ್ತೀರಿ!"

"ಆ ದಿನ ಹೋದ್ವು ಮೂಕಮ್ಮ. ಅದನ್ನ ನೆನಸ್ಕೊಂಡ್ರ ನನಗೂ ಚೊಲೋ ಅನಸಂಗಿಲ್ಲ," ಎಂದಳು ನರ್ಸಮ್ಮ. "ಆದ್ರ ಮಕ್ಕಳು ಇಬ್ಬರಿಂದ ಆಗೋದು. ಎಷ್ಟೋ ಮನ್ಯಾಗ ಊನ ಗಂಡಸಿನ ಕಡೆ ಇರತೈತಿ, ಬೈಗುಳ ಹೆಂಗಸಿಗೆ ಬೀಳತೈತಿ. ನಾಳೆ ನೀವು ಎರಡನೇ ಸೊಸಿ ತಂದ್ರಿ ಅಂತ ಇಟ್ಕೋರಿ. ಊನ ಮಗನ ಕಡೆ ಇದ್ರ ಆಕಿಗೂ ಆಗಂಗಿಲ್ಲ. ಆಮ್ಯಾಲೆ ಮೂರನೇದಾಕಿನ್ನ ತರ್ತೀರೇನು? ಅಲ್ದ, ಹೆಂಡ್ತಿ ಇರೋ ಮುಂದ ಇನ್ನೊಂದು ಮದುವಿ ಕಾನೂನಿಗೆ ತಪ್ಪು. ನಂಬಿಕಿ ಇಲ್ಲಂದ್ರ ನೀವ ಸಂಗಾಟ ಬರ್ರಿ. ಮಗನ ಕೈ ಹಿಡ್ಕೊಂಡ ಕುಂದರ್ರಿ."

"ಬರ್ತೀನಿ! ಬಿಡ್ತೀನಿ ಅಂದ್ಕೊಂಡೀಯೇನು?" ಎಂದಳು ಮೂಕಮ್ಮ.

ಹಾಗೆ ಮುಂದಿನ ವಾರ ಅತ್ತೆ, ಸೊಸೆ, ನರ್ಸಮ್ಮ ಮೂವರೂ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದರು. ಕೌಲ್ ಬಜಾರಿನ ಇಕ್ಕಟ್ಟಾದ ಬೀದಿಗಳನ್ನು ಕೇಳಿಕೊಂಡು ಕೇಳಿಕೊಂಡು ಮರಿಬಸಪ್ಪನವರ ಭಟ್ಟಿ ಹುಡುಕಿದರು. ಎರ್ರಿಸ್ವಾಮಿ ದುಡಿಯುವ ಜಾಗವನ್ನು ತಾಯಿಯಾಗಲೀ ಹೆಂಡತಿಯಾಗಲೀ ಅದುವರೆಗೆ ನೋಡಿರಲಿಲ್ಲ.

ತಗಡಿನ ಚಪ್ಪರದ ಬಾಗಿಲಿಗೆ ಬಂದಾಗಲೇ ಝಳ ಮುಖಕ್ಕೆ ಹೊಡೆಯಿತು. ಒಳಗೆ ದೊಡ್ಡ ಬಾಣಲೆಗಳಲ್ಲಿ ಉಸುಕು ಕಾಯುತ್ತಿತ್ತು. ಅಕ್ಕಿ ಬಿದ್ದು ಚಟಪಟನೆ ಅರಳುತ್ತಿತ್ತು. ಒಲೆಯ ಬಾಯಿಯ ಮುಂದೆ ತಗ್ಗಿನಲ್ಲಿ ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕುಳಿತು ಬೆಂಕಿಗೆ ಭತ್ತದ ಹೊಟ್ಟು ಎರಚುತ್ತಿದ್ದ. ಬಿಗಿದು ಕಟ್ಟಿದ ಲಂಗೋಟಿ, ಮೈತುಂಬ ಬೂದಿ, ತುಟಿಯಲ್ಲಿ ಬೀಡಿ. ಎಲುಬು ಎಣಿಸಬಹುದಿತ್ತು.

"ಏನಪ್ಪಾ," ಎಂದು ಮೂಕಮ್ಮ ಅವನನ್ನೇ ಕೇಳಿದಳು, "ಇಲ್ಲಿ ಸಿರುಗುಪ್ಪದ ಎರ್ರಿಸ್ವಾಮಿ ಅಂತ ಅದಾನಲ್ಲ, ಎಲ್ಲಿ ಅವಾ?"

ಆ ಮನುಷ್ಯ ಬೀಡಿ ಬಿಸಾಕಿ ಎದ್ದು ನಿಂತ. "ಯವ್ವಾ, ನಾನ ಬೇ."

ಮೂಕಮ್ಮ ಸೆರಗಿನಿಂದ ಅವನ ಮುಖದ ಬೂದಿ ಒರೆಸಿದಳು. ಜಂಬಮ್ಮ ಬೇರೆ ಕಡೆ ನೋಡಿದಳು. ಅಮಾವಾಸ್ಯೆಗೆ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಬರುವ ಗಂಡನನ್ನಷ್ಟೇ ಅವಳು ಬಲ್ಲಳು. ಹಗಲೆಲ್ಲ ಯಾಕೆ ಸತ್ತವನಂತೆ ಮಲಗುತ್ತಾನೆ ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಮುನಿಸಿಕೊಂಡಿದ್ದಳು. ಇವನೂ ಈ ಬೆಂಕಿಯ ಮುಂದೆ ತನ್ನಂತೆಯೇ ಒಬ್ಬಂಟಿ, ಇವನಿಗೂ ಯಾರೂ ಏನೂ ಕೇಳಿಲ್ಲ ಎಂದು ಆಗ ಅನಿಸಿತು.

ಮಾಲೀಕರು ಮರಿಬಸಪ್ಪ ಗಲ್ಲಾದಿಂದಲೇ ಕೂಗಿದರು: "ಏನಲೇ ಎರ್ರಿ, ಹೆಣ್ಮಕ್ಕಳ ದಂಡ ತರಿಸೀಯಲ್ಲ. ಭಟ್ಟಿ ಕೊಂಡ್ಕೊಂಡು ಹೋಗಾಕೇನು?" ಆಸ್ಪತ್ರೆ ಎಂದು ಕೇಳಿದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಒಂದು ದಿನದ ರಜೆ ಕೊಟ್ಟರು.

ಆಸ್ಪತ್ರೆಯ ಬಾಗಿಲಲ್ಲಿ ಬಿಳಿ ಕೋಟು ಕಂಡ ಕೂಡಲೇ ಎರ್ರಿಸ್ವಾಮಿ ಹಿಂದೆ ಸರಿದ. ಬೆಂಕಿಯ ಮುಂದೆ ಅಂಜದವನಿಗೆ ಇಲ್ಲಿ ಅಂಗಿ ಒದ್ದೆಯಾಯಿತು. ಮೂಕಮ್ಮ ಅವನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. ವಯಸ್ಸಾದ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು.

"ಇದ್ಯಾರು, ಕಳ್ಳನ್ನ ಹಿಡ್ಕೊಂಡು ಬಂದಂಗ ಹಿಡ್ಕೊಂಡು ಬಂದೀರಿ? ಹೆದರಬ್ಯಾಡಪ್ಪ. ಕತ್ತರಿ ಇಲ್ಲ, ಸೂಜಿನೂ ಇಲ್ಲ. ಒಂದು ಸಣ್ಣ ಬಾಟ್ಲಿ ಕೊಡ್ತಾರ. ನಿನ್ನ ಬೀಜ ಎಷ್ಟು ಅದಾವ, ಹೆಂಗ ಓಡಾಡ್ತಾವ ಅಂತ ಗಾಜಿನಾಗ ನೋಡೋದು. ಅಷ್ಟ."

ಮಧ್ಯಾಹ್ನಕ್ಕೆ ಎಲ್ಲ ಪರೀಕ್ಷೆ ಮುಗಿಯಿತು. ಜಂಬಮ್ಮನಿಗೆ ರಕ್ತ ಕಡಿಮೆ, ಬೇರೆ ತೊಂದರೆ ಕಾಣಲಿಲ್ಲ. ಎರ್ರಿಸ್ವಾಮಿಯ ಬೀಜ ಇದ್ದವು. ಆದರೆ ಇರಬೇಕಾದಷ್ಟು ಇರಲಿಲ್ಲ, ಚುರುಕಾಗಿಯೂ ಇರಲಿಲ್ಲ. ಮಗನ ಪಕ್ಕದಲ್ಲೇ ಕುಳಿತು ಮೂಕಮ್ಮ ಅದನ್ನು ಕೇಳಿದಳು.

"ಬೆಂಕಿ ಝಳ," ಎಂದರು ಡಾಕ್ಟರು. "ಗಂಡಸಿನ ಬೀಜದ ಚೀಲ ದೇವರು ಮೈ ಹೊರಗ ಯಾಕ ಇಟ್ಟಾನ? ತಂಪು ಇರ್ಲಿ ಅಂತ. ನೀನು ದಿನಾ ಒಲಿ ಮುಂದ ಕುಂತು ಬೇಸ್ತಿ, ಅದರಾಗ ಬಿಗಿ ಲಂಗೋಟಿ, ಬೀಡಿ. ಬ್ಯಾರೆ ಕೆಲಸ ಕೇಳು, ಬೆಂಕಿ ಬಿಟ್ಟು ದೂರ. ಸಡಿಲ ಬಟ್ಟಿ ಹಾಕ್ಕೋ. ಬೀಡಿ, ಸರಾಯಿ ಬಿಡು. ಹೊಟ್ಟಿ ತುಂಬ ಉಣ್ಣು. ಹೊಸ ಬೀಜ ತಯಾರಾಗಾಕ ಮೂರು ತಿಂಗಳರ ಬೇಕು, ಅವಸರ ಮಾಡಬ್ಯಾಡ. ಅಂದಹಂಗ, ತಿಂಗಳಿಗೆ ಎಷ್ಟು ದಿನ ಹೆಂಡ್ತಿ ಸಂಗಾಟ ಇರ್ತೀ?"

ಎರ್ರಿಸ್ವಾಮಿ ತಲೆ ಬಗ್ಗಿಸಿದ. "ಅಮಾಸಿಗೆ ಊರಿಗೆ ಹೋಗ್ತೀನ್ರಿ."

"ಹೋಗಿ?"

ಅವನು ತಾಯಿಯ ಕಡೆ ನೋಡಿದ. ಬಾಯಿ ತೆರೆಯಲಿಲ್ಲ. ಜಂಬಮ್ಮ ತಲೆ ಎತ್ತಿದಳು. ಈಗ ಹೇಳದಿದ್ದರೆ ಇನ್ನು ಎಂದೂ ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

"ಆ ದಿನ ನಾನು ಮನ್ಯಾಗ ಇರಂಗಿಲ್ರಿ," ಎಂದಳು. "ಮಕ್ಕಳಾಗಲಿ ಅಂತ ಹರಕಿ ಐತಿ. ಗುಡಿಯಾಗ ಮಲಗ್ತೀನಿ. ನಾನು ಬರೋದ್ರಾಗ ಅವ್ರು ಬಸ್ಸಿಗೆ ಹೋಗಿರ್ತಾರ."

ಡಾಕ್ಟರು ಪೆನ್ನು ಕೆಳಗಿಟ್ಟರು. ಮೂಕಮ್ಮನ ಕೈ ಮಗನ ಮಣಿಕಟ್ಟಿನಿಂದ ಜಾರಿತು.

ಡಾಕ್ಟರು ಮತ್ತೂ ಹೇಳಿದರು. ಇಬ್ಬರೂ ಒಂದೇ ಸೂರಿನಡಿ ಇರಿ. ವರ್ಷ ಕೂಡಿದ್ದರೂ ಆಗದಿದ್ದರೆ ಮತ್ತೆ ಬನ್ನಿ, ಮುಂದಿನ ಪರೀಕ್ಷೆಗಳಿವೆ. ಅಲ್ಲಿವರೆಗೆ ಬೇರು, ಬೂದಿ, ಸಂತೆಯ ಪುಡಿ ಏನೂ ನುಂಗಬೇಡಿ. ಮೂಕಮ್ಮ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

ಎರ್ರಿಸ್ವಾಮಿ ಭಟ್ಟಿಗೆ ಮರಳಿದ. ಹೆಂಗಸರು ಸಿರುಗುಪ್ಪದ ಬಸ್ಸು ಹತ್ತಿದರು. ಮೂಕಮ್ಮ ಕಿಟಕಿಯ ಹೊರಗೇ ನೋಡುತ್ತಾ ಕುಳಿತಳು. ಕುರುಗೋಡಿಗೆ ದಾರಿ ತಿರುಗುವಲ್ಲಿ ಬಸ್ಸು ನಿಂತಾಗ ತಟ್ಟನೆ ಎದ್ದಳು.

"ನೀವು ಹೋಗ್ರಿ. ನನಗ ತಮ್ಮನ ಮನ್ಯಾಗ ಕೆಲಸ ಐತಿ."

ಬಸ್ಸು ಹೊರಟಾಗ ಜಂಬಮ್ಮ ಹಿಂದಿರುಗಿ ನೋಡಿದಳು. ಧೂಳಿನಲ್ಲಿ ಅತ್ತೆ ಬಿರಬಿರನೆ ನಡೆದು ಹೋಗುತ್ತಿದ್ದಳು.

"ನರ್ಸಮ್ಮ, ಅತ್ತಿ ಹುಡುಗಿನ್ನ ಕರಿಯಾಕ ಹೋದ್ಲು," ಎಂದಳು ಜಂಬಮ್ಮ. "ಮಗನ ಮಾನ ತೆಗದೆ ಅಂತ ಸಿಟ್ಟು ಬಂದೈತಿ. ಉಗಾದಿ ತನಕನೂ ಕಾಯಂಗಿಲ್ಲ."

"ನೀನು ಸುಳ್ಳು ಹೇಳಿಲ್ಲ," ಎಂದಳು ನರ್ಸಮ್ಮ.

ಮರುದಿನ ಮೂಕಮ್ಮ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಬಾಗಿಲ ಸದ್ದಾದಾಗಲೆಲ್ಲ ಜಂಬಮ್ಮ ಬೆಚ್ಚುತ್ತಿದ್ದಳು. ಗಾದೆಪ್ಪನ ಮಗಳನ್ನು ಅವಳು ಒಂದು ಮದುವೆಯಲ್ಲಿ ನೋಡಿದ್ದಳು. ಉದ್ದ ಜಡೆ, ನಗುಮುಖ. ಆ ಹುಡುಗಿ ಹೊಸ್ತಿಲು ದಾಟಿ ಒಳಗೆ ಬಂದಂತೆ, ತಾನು ಅವಳಿಗೆ ಆರತಿ ಹಿಡಿದಂತೆ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು.

ಹಂಪಕ್ಕ ಮಾತ್ರ ದಿನಾ ಬಂದು ಎದುರಿಗೆ ಕೂರುತ್ತಿದ್ದಳು. "ಅಳೋದು ಆಮ್ಯಾಲೆ ಅಳು. ಮೊದ್ಲು ಗುಳಿಗಿ ನುಂಗು. ನುಗ್ಗಿಸೊಪ್ಪು ತಂದೀನಿ, ಪಲ್ಲೆ ಮಾಡು. ಹೆಸರುಕಾಳು ಹಾಕು. ಶೇಂಗಾ ಬೆಲ್ಲ ತಿನ್ನು. ಆ ಹುಡುಗಿ ಬಂದ್ರೂ ಜಗಳಾಡಾಕ ನಿನಗ ಶಕ್ತಿ ಬೇಕಲ್ಲ!"

ಸೋಮವಾರ ಮಧ್ಯಾಹ್ನ ಜಂಬಮ್ಮ ಹೆದರುತ್ತಲೇ ಉಣ್ಣಲು ಕುಳಿತಿದ್ದಳು. ತುತ್ತು ಬಾಯಿಗೆ ಹೋಗುವ ಮುಂಚೆ ಬಾಗಿಲಲ್ಲಿ ನೆರಳು ಬಿತ್ತು. ಮೂಕಮ್ಮ. ಅವಳ ಹಿಂದೆ ಯಾರೂ ಇರಲಿಲ್ಲ. ಆದರೂ ಜಂಬಮ್ಮನ ಕೈ ಹಾಗೇ ನಿಂತಿತು.

"ಸೋಮವಾರ ಉಣ್ಣಾಕತ್ತೀಯೇನು?"

"ಹ್ಞೂಂ ಅತ್ತಿ."

ಮೂಕಮ್ಮ ತಟ್ಟೆಯನ್ನು ನೋಡಿದಳು. "ಬರೇ ಒಂದು ರೊಟ್ಟಿಯಾಗ ಏನಾಗತೈತಿ?" ಎಂದು ಹೇಳಿ ಕಾಲು ತೊಳೆಯಲು ಹೋದಳು.

ಕುರುಗೋಡಿನಲ್ಲಿ ಏನಾಯಿತೆಂದು ಅವಳು ಹೇಳಲಿಲ್ಲ. ಜಂಬಮ್ಮನಿಗೆ ಕೇಳುವ ಧೈರ್ಯವಿರಲಿಲ್ಲ. ಹಾಗೆಯೇ ಅಮಾವಾಸ್ಯೆ ಬಂತು. ಎರ್ರಿಸ್ವಾಮಿ ಬಂದ. ಸಂಜೆ ಜಂಬಮ್ಮ ಯಾವಾಗಿನಂತೆ ಹಂಡೆಯ ಹತ್ತಿರ ಹೋದಾಗ ಮೂಕಮ್ಮ ಅವಳ ಕೈಯಿಂದ ಚೆಂಬು ತೆಗೆದುಕೊಂಡಳು. ತಾನೇ ತಲೆಗೆ ನೀರು ಸುರಿದುಕೊಂಡಳು. ಒದ್ದೆ ಸೀರೆಯಲ್ಲೇ ಬಂದು ಮೂಲೆಯ ಚಾಪೆಯನ್ನು ಕಂಕುಳಿಗೆ ಇಟ್ಟುಕೊಂಡಳು.

"ಅತ್ತಿ, ನೀವೆಲ್ಲಿಗೆ?"

"ಹರಕಿ ಹೊತ್ತಾಕಿ ನಾನು. ನೀನೇನು ಹೊತ್ತಿದ್ದೇನು? ನಾನ ಮಲ್ಕೊಂಡು ಬರ್ತೀನಿ. ದೇವ್ರಿಗೆ ಯಾರು ಮಲಗಿದ್ರ ಏನು."

"ಚಳಿ ಭಾಳ ಐತಿ ಅತ್ತಿ."

"ಎರಡು ವರ್ಷ ನಿನಗ ಚಳಿ ಇರಲಿಲ್ಲೇನು?" ಅವಳ ದನಿ ಒರಟಾಗಿತ್ತು. ಮುಖವನ್ನು ಗೋಡೆಯ ಕಡೆ ತಿರುಗಿಸಿದ್ದಳು. "ನೀನು ಒಮ್ಮೆರ ನನಗ ಹೇಳಬಾರ್ದಿತ್ತೇನು? ಹೇಳಿದ್ರ ನಾನು ಬೈತಿದ್ದೆ, ಖರೆ. ಆದ್ರೂ ಹೇಳಬೇಕಿತ್ತು." ಹೊಸ್ತಿಲು ದಾಟಿ ಮತ್ತೆ ನಿಂತಳು. "ಗಾದೆಪ್ಪಗ ಹೇಳಿ ಬಂದೀನಿ. ನಿನ್ನ ಮಗಳಿಗೆ ಬ್ಯಾರೆ ಕಡೆ ವರ ನೋಡು, ನನ್ನ ಮನ್ಯಾಗ ಸೊಸಿ ಅದಾಳ ಅಂತ. ಅವಾ ಕೂಗಾಡಿದ. ನಾನೂ ಕೂಗಾಡಿದೆ. ಅದಕ್ಕ ಬರಾಕ ತಡ ಆತು."

ಸಂಕ್ರಾಂತಿಯ ಹೊತ್ತಿಗೆ ಎರ್ರಿಸ್ವಾಮಿ ಕೌಲ್ ಬಜಾರಿನಲ್ಲಿ ಒಂದು ಸಣ್ಣ ಕೋಣೆ ಹಿಡಿದ. ಒಲೆಯ ಮುಂದಿನ ಕೆಲಸ ಬಿಟ್ಟು ಭತ್ತ ನೆನೆಹಾಕುವ, ಮಂಡಕ್ಕಿ ಜರಡಿ ಹಿಡಿಯುವ ಕೆಲಸಕ್ಕೆ ಬಂದ. ಕೂಲಿ ಸ್ವಲ್ಪ ಕಡಿಮೆಯಾಯಿತು. ಜಂಬಮ್ಮ ಬಂದು ಅವನ ಜೊತೆ ಇದ್ದಳು. ಬೀಡಿ ಬಿಡಲು ಅವನು ಬಹಳ ಒದ್ದಾಡಿದ, ಕದ್ದು ಸೇದಿ ಸಿಕ್ಕಿಬಿದ್ದ, ಮತ್ತೆ ಬಿಟ್ಟ.

ಆದರೆ ಮೊದಲ ತಿಂಗಳು ಜಂಬಮ್ಮ ಮುಟ್ಟಾದಳು. ಎರಡನೇ ತಿಂಗಳೂ ಆದಳು. ಉಗಾದಿ ಬಂತು, ಹೋಯಿತು. ಪ್ರತಿ ಸಲವೂ ಅವಳು ಬಚ್ಚಲಲ್ಲಿ ಕುಳಿತು ಅತ್ತಳು. ಅತ್ತೆ ಮನಸ್ಸು ಬದಲಿಸಿದರೆ? ಡಾಕ್ಟರು ಹೇಳಿದ್ದು ಸುಳ್ಳಾದರೆ? ಎರ್ರಿಸ್ವಾಮಿ ಮಾತು ಬಲ್ಲವನಲ್ಲ. ಅವಳ ಪಕ್ಕದಲ್ಲಿ ಕುಳಿತು, "ಆಗ್ಲಿಲ್ಲ ಅಂದ್ರ ಏನಾತು? ನೀನು ಅದೀ, ನಾನು ಅದೀನಿ," ಎಂದ. ಆ ಮಾತಿಗೆ ಅವಳಿಗೆ ಅಂದು ಒಳ್ಳೆಯ ನಿದ್ದೆ ಬಂತು.

ಮುಂಗಾರು ಶುರುವಾಗುವ ಹೊತ್ತಿಗೆ ಮುಟ್ಟು ತಪ್ಪಿತು. ಅವಳು ಯಾರಿಗೂ ಹೇಳಲಿಲ್ಲ. ದಿನಾ ಬೆಳಿಗ್ಗೆ ಹೆದರುತ್ತಾ ಏಳುತ್ತಿದ್ದಳು. ಇನ್ನೊಂದು ತಿಂಗಳೂ ತಪ್ಪಿದ ಮೇಲೆ ಆಸ್ಪತ್ರೆಗೆ ಹೋದಳು. ಹೌದು ಎಂದರು. ಸಿರುಗುಪ್ಪಕ್ಕೆ ಸುದ್ದಿ ಹೋದ ಮರುದಿನವೇ ಮೂಕಮ್ಮ ಬಂದಳು. ಕೋಣೆಯಲ್ಲಿ ನಿಂತು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಸೊಸೆಯನ್ನು ಕೂರಿಸಿ ತಾನೇ ಒಲೆ ಹಚ್ಚಿದಳು.

ಓದುವ ಅಕ್ಕತಂಗಿಯರೇ, ಕೇಳುವ ಅತ್ತೆಯರೇ, ನಿಮ್ಮ ಓಣಿಯಲ್ಲೂ ಒಬ್ಬ ಜಂಬಮ್ಮ ಇರಬಹುದು. ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಅವಳನ್ನು ಕೇಳುವ ಮೊದಲು, ಆ ಗಂಡಹೆಂಡತಿ ಕೂಡಿ ಬಾಳಲು ನಾವು ಎಷ್ಟು ದಿನ ಬಿಟ್ಟಿದ್ದೇವೆ ಎಂದು ಯೋಚಿಸಿ. ಮಕ್ಕಳ ಹೆಸರಲ್ಲಿ ಅವಳನ್ನು ಉಪವಾಸ ಕೆಡವಬೇಡಿ. ಸೊಪ್ಪು, ಕಾಳು, ಹಾಲು, ಸಾಧ್ಯವಿದ್ದರೆ ಮೊಟ್ಟೆ ಅವಳ ತಟ್ಟೆಗೂ ಬೀಳಲಿ. ಅಣ್ಣತಮ್ಮಂದಿರೇ, ಬೀಡಿ ಸರಾಯಿ ಬಿಡಿ. ಬೆಂಕಿಯ ಮುಂದೆ ದುಡಿಯುವವರು ಎಚ್ಚರವಾಗಿರಿ. ಪರೀಕ್ಷೆಗೆ ಹೆಂಡತಿಯನ್ನು ಒಬ್ಬಳನ್ನೇ ಕಳಿಸಬೇಡಿ, ನೀವೂ ಹೋಗಿ. ವರ್ಷವಿಡೀ ಕೂಡಿದ್ದರೂ ಫಲ ಕಾಣದಿದ್ದರೆ, ಹೆಂಡತಿಗೆ ಮೂವತ್ತೈದು ದಾಟಿದ್ದರೆ ಅದಕ್ಕೂ ಮುಂಚೆ, ಡಾಕ್ಟರರನ್ನು ಕಾಣಿ. ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಮಕ್ಕಳಾಗದೆ ಇರಬಹುದು. ಆಗಲೂ ಮನೆಯ ಸೊಸೆ ಮನೆಯ ಸೊಸೆಯೇ.

ತಂಗೀ, ಹೇಳಲು ನಾಚಿಕೆಯಾಗುವ ಮಾತು ನಿನ್ನ ಎದೆಯಲ್ಲೂ ಇದ್ದರೆ, ನಿಮ್ಮೂರಿನ ನರ್ಸಮ್ಮನ ಹತ್ತಿರ ಹೋಗಿ ಕುಳಿತುಕೋ. ಜಂಬಮ್ಮ ನಾಲ್ಕು ವರ್ಷ ಬಾಯಿ ಬಿಡಲಿಲ್ಲ. ನೀನು ನಾಳೆಯವರೆಗೂ ಕಾಯಬೇಡ.